ಕಡಿಮೆ ಹಾರಿದ ವಿಮಾನ

ಹೊಸ ಚರ್ಮದ ವಾಸನೆಯಲ್ಲ ಇದು, ಒರೆಸಿ ಒರೆಸಿ ಹೊಸದರಂತೆ ಮಾಡಿದ ಚರ್ಮದ್ದು, ವಿಮಾನದ ಬಾಗಿಲು ದಾಟಿದ ಕೂಡಲೇ ಅವಳ ಮೂಗಿಗೆ ಬಡಿಯಿತು — ತಲೆ ಜೋಪಾನ ಮೇಡಂ, ಬಗ್ಗಿ ಬನ್ನಿ, ಎನ್ನುತ್ತಾನೆ ದಲ್ಲಾಳಿ, ಗಂಡ ಆಗಲೇ ಒಳಗೆ ಹೋಗಿ ಕಾರ್ಪೆಟ್ ಮಾಸಿದೆಯಲ್ರೀ, ಈ ಪರದೆ ಸಿಕ್ಕಿಹಾಕ್ಕೊಳ್ಳುತ್ತೆ ಎಂದು ತಪ್ಪು ಹುಡುಕುತ್ತಿದ್ದಾನೆ, ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು, ಇವನೇನು ಒಲ್ಲದವನಲ್ಲ, ಮನಸ್ಸಿನಲ್ಲಿ ಕೊಂಡಾಗಿದೆ, ಹಳೇ ಸ್ಕೂಟರ್ ಕೊಳ್ಳುವಾಗಲೂ ಹೀಗೇ ಚಕ್ರಕ್ಕೆ ಒದ್ದು ನೋಡಿದ್ದ, ಈಗ ಒಂದು ಕಾರ್ಖಾನೆ ಮಾರಿ ಇದನ್ನು ಕೊಳ್ಳುತ್ತಿದ್ದಾನೆ, ಒದೆಯುವ ಚಟ ಹೋಗಿಲ್ಲ, ಆಗ ಮಗಳು ಹುಟ್ಟಿರಲಿಲ್ಲ, ಆಗ ಹೃದಯವೆಂದರೆ ಸಿನಿಮಾ ಹಾಡಿನಲ್ಲಿ ಬರುವ ಮಾತು. ಈಗ ಮಗಳು ಮನೆಯಲ್ಲಿ ಅಜ್ಜಿಯ ಪಕ್ಕ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ, ಮಲಗಿದರೆ ಉಸಿರು ಕಟ್ಟುತ್ತದೆ, ತುಟಿ ನೇರಳೆ, ಅವಳ ಹೃದಯ ಸೋತಿದೆ, ಬೇರೆಯದನ್ನೇ ಕೂರಿಸಬೇಕು. ಮೂರು ದೇಶದ ಆಸ್ಪತ್ರೆಗಳಲ್ಲಿ ಹೆಸರು ಬರೆಸಿದೀವಿ, ಹೃದಯ ಸಿಕ್ತು ಅಂತ ಎಲ್ಲಿಂದ ಮೊದಲು ಫೋನ್ ಬಂದ್ರೂ ನಡುವೆ ಇಳೀದೆ ಹೋಗ್ಬೇಕು, ಎನ್ನುತ್ತಿದ್ದಾನೆ ಗಂಡ, ಹೋಗುತ್ತೆ ಸಾರ್, ಸಮುದ್ರ ದಾಟಿ ಹೋಗುತ್ತೆ. ಇವಳಷ್ಟೇ ಮೈಕಟ್ಟಿನ ಮಗೂದೇ ಆಗ್ಬೇಕಮ್ಮ, ದೊಡ್ಡವರದು ಹಿಡಿಸಲ್ಲ, ಅಂದಿದ್ದರು ಡಾಕ್ಟರು, ಅಂದಿನಿಂದ ಆ ಸಾಯಬೇಕಾದ ಮಗು ತಾಯಿಯ ಕಣ್ಣ ಮುಂದಿದೆ, ಮುಖವಿಲ್ಲ, ಹುಡುಗನೋ ಹುಡುಗಿಯೋ, ರಸ್ತೆಯ ಕಡೆ ಓಡುತ್ತಿದೆ, ಒಂದು ಕಾಲಿನ ಶೂ ಲೇಸ್ ಬಿಚ್ಚಿಕೊಂಡಿದೆ.

ಸೋಫಾ ಎಳೆದರೆ ಮಂಚ, ಅವಳು ಕೂತು ನೋಡಿದಳು, ಇಲ್ಲಿ ದಿಂಬು, ಇಲ್ಲಿ ಆಕ್ಸಿಜನ್, ಬೆಲ್ಟ್ ಎಳೆದರೆ ಸೊಂಟಕ್ಕೆ ಸಾಲದು, ಯಾರೋ ಚಿಕ್ಕದು ಮಾಡಿಟ್ಟಿದ್ದಾರೆ, ಗೇಣು ಹಾಕಿದಳು, ಮಗಳ ಸೊಂಟದಷ್ಟೇ. ತುಂಬಾ ಕಡಿಮೆ ಹಾರಿರೋ ವಿಮಾನ ಮೇಡಂ, ಯಾವಾಗ್ಲೂ ತಯಾರಾಗಿ ನಿಂತಿರ್ತಿತ್ತು, ಹಳೇ ಮಾಲೀಕರೂ ನಿಮ್ಮ ಹಾಗೇ ಫೋನ್‌ಗೆ ಕಾಯ್ತಿದ್ರು, ಎಂದವನು ನಾಲಿಗೆ ಕಚ್ಚಿಕೊಂಡ. ಆಮೇಲೆ? ಆಮೇಲೆ ಬೇಕಾಗ್ಲಿಲ್ಲ ಮೇಡಂ. ಗಂಡನ ಕಾರ್ಪೆಟ್ ಪುರಾಣ ನಿಂತಿತು, ಕಡಿಮೆ ಹಾರಿದ್ದೆಂದರೆ ಫೋನ್ ಬರಲೇ ಇಲ್ಲವೆಂದು, ಆ ತಾಯಿಯೂ ಇಲ್ಲೇ ಕೂತು ಬೆಲ್ಟ್ ಬಿಗಿ ಮಾಡಿರಬೇಕು — ನಿಮಗೆ ಬೇಗ ಬರುತ್ತೆ ಮೇಡಂ, ಈ ತಿಂಗಳೇ ಬರುತ್ತೆ ನೋಡಿ, ದಲ್ಲಾಳಿ ಮಾತಿಗೆ ತೇಪೆ ಹಾಕುತ್ತಾನೆ, ನಿಮ್ಮ ಬಾಯಿಗೆ ಸಕ್ಕರೆ ಹಾಕ, ಅಂದೇಬಿಟ್ಟಳು, ಅಂದ ಮೇಲೆ ತಾನಂದದ್ದು ಕಿವಿಗೆ ಬಿತ್ತು, ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಈ ತಿಂಗಳು ಎಂದರೆ ಆ ಮಗು ಈಗ ಎಲ್ಲೋ ಊಟಕ್ಕೆ ಕೂತಿದೆ, ತಟ್ಟೆ ಖಾಲಿ ಮಾಡು ಅಂತ ಅದರಮ್ಮ ಗದರುತ್ತಿದ್ದಾಳೆ, ಕೈ ತೊಳೆದು ಶೂ ಮೆಟ್ಟಿ ಹೊರಟಿತು, ಲೇಸ್ ಕಟ್ಟಿಲ್ಲ — ತಗೊಳ್ಳೋಣ್ವಾ, ಗಂಡ ಮೆಲ್ಲಗೆ ಕೇಳುತ್ತಾನೆ, ಅವನ ಕಣ್ಣೂ ಆ ಬೆಲ್ಟಿನ ಮೇಲೆ, ತಗೊಳ್ಳೋಣ, ಎಂದಳು, ಕಣ್ಣು ಮುಚ್ಚಿದರೆ ಅದೇ ರಸ್ತೆ, ಓಡುತ್ತಿರುವ ಮಗು, ನಿಲ್ಲು ಕಂದಾ, ಲೇಸ್ ಕಟ್ಕೋ, ಎಂದು ಒಂದು ಮಾತು ಕೂಗಿದರೆ ನಿಂತೀತು, ಅವಳು ಕೂಗುವುದಿಲ್ಲ, ಬಿಚ್ಚಿದ ಲೇಸ್, ರಸ್ತೆ, ಅವಳು ಕೂಗುವುದಿಲ್ಲ, ಬಿಚ್ಚಿದ ಲೇಸ್