ಉರಿಯುವ ಮೇಣಕ್ಕೆ ನೀರು ಹಾಕಬಾರದು

೧

ಎಲ್ಲಿಂದ ಶುರು ಮಾಡಲಿ? ‘ಇಂಗಾಲದ ಇಪ್ಪತ್ತು ಮೂವತ್ತು ಪರಮಾಣುಗಳು ಕೈ ಕೈ ಹಿಡಿದು ಸಾಲಾಗಿ ನಿಂತರೆ ಮೇಣ’ ಎಂದು ಬರೆದೆ. ಹೊಡೆದುಹಾಕಿದೆ. (ನಮ್ಮ ಓದುಬಳಗದವರು ‘ಆಹಾ, ಸಂಘಟನೆ!’ ಎಂದು ಚಪ್ಪಾಳೆ ತಟ್ಟಿಬಿಡುತ್ತಾರೆ. ಪರಮಾಣುಗಳಿಗೆ ಯೂನಿಯನ್ ಇಲ್ಲ. ಈ ಕಾರ್ಖಾನೆಯಲ್ಲೂ ಇಲ್ಲ.)

೨

ಮೇಣದಬತ್ತಿ ಕಾರ್ಖಾನೆ. ಉದ್ದನೆಯ ಕೋಣೆ, ಒಂದೇ ಬಾಗಿಲು, ದೂರದ ಮೂಲೆಯಲ್ಲಿ ಮೇಣ ಕರಗಿಸುವ ತೊಟ್ಟಿ. ಹನ್ನೊಂದು ವರ್ಷದಿಂದ ಆ ತೊಟ್ಟಿಯ ಮುಂದೆ ನಿಂತವಳನ್ನು ಎಲ್ಲರೂ ‘ಅತ್ತಿಗೆ’ ಎನ್ನುತ್ತಾರೆ. ನಿಜವಾಗಿ ಅವಳು ಒಬ್ಬಳಿಗೇ ಅತ್ತಿಗೆ. ಮೊನ್ನೆ ಸೋಮವಾರ ಕೆಲಸಕ್ಕೆ ಸೇರಿದ ನಾದಿನಿಗೆ. ಸೇರಿಸಿದವಳೂ ಅವಳೇ. ಅತ್ತೆ ಬಾಗಿಲವರೆಗೂ ಬಂದು, “ನಿನ್ನ ಕೈಗೆ ಕೊಟ್ಟಿದೀನಿ ನೋಡಮ್ಮ” ಎಂದಷ್ಟೇ ಹೇಳಿದ್ದರು.

ಅತ್ತಿಗೆಗೆ ಮೇಣದ ಗುಣ ಗೊತ್ತು. ಅರವತ್ತು ಡಿಗ್ರಿ ದಾಟುವಷ್ಟರಲ್ಲಿ ಕರಗುತ್ತದೆ, ಎಂಬತ್ತಕ್ಕೆ ಅಚ್ಚಿಗೆ ಹೊಯ್ಯಬೇಕು. ಇನ್ನೂರರ ಹತ್ತಿರ ಹೋಯಿತೋ, ಅದರ ಆವಿ ಬೆಂಕಿಗಾಗಿ ಕಾಯುತ್ತಿರುತ್ತದೆ. ಅದಕ್ಕೂ ಮೊದಲು ಬಿಳಿ ಹೊಗೆ ಏಳುತ್ತದೆ. ಇದೆಲ್ಲ ಬರೆದಿರುವ ಸುರಕ್ಷತಾ ಹಾಳೆ ಸೂಪರ್‌ವೈಸರನ ಬೀರುವಿನಲ್ಲಿ, ಬೀಗದೊಳಗೆ, ಬಹಳ ಸುರಕ್ಷಿತವಾಗಿದೆ. ಅದರ ಮೊದಲ ಸಾಲು: ‘ಈ ವಸ್ತುವನ್ನು ಅಪಾಯಕಾರಿ ಎಂದು ವರ್ಗೀಕರಿಸಿಲ್ಲ.’ ವರ್ಗೀಕರಿಸಿದವರು ಯಾರೂ ತೊಟ್ಟಿಯ ಮುಂದೆ ನಿಂತವರಲ್ಲ.

ಹೀಟರ್ ತಾನಾಗಿ ಆಫ್ ಆಗುವುದನ್ನು ನಿಲ್ಲಿಸಿ ಎರಡು ವಾರವಾಗಿತ್ತು. ಹೇಳಿದ್ದಕ್ಕೆ ಸೂಪರ್‌ವೈಸರ್ ನಕ್ಕಿದ್ದ: “ನಿನ್ ಕಣ್ಣಿರುವಾಗ ಥರ್ಮೋಸ್ಟಾಟ್ ಯಾಕೆ ಅತ್ತಿಗೆ?”

೩ (ಮೂರನೇ ಸಲ ಬರೆದದ್ದು)

ತೊಟ್ಟಿಯ ಪಕ್ಕ ಒಂದು ಬಕೆಟ್ ನೀರು. ಅದು ಇರಲೇಬೇಕು. ಬಿಸಿ ಮೇಣ ಚರ್ಮಕ್ಕೆ ಅಂಟಿದರೆ ಕೀಳಬಾರದು, ತಣ್ಣೀರಿನಲ್ಲಿ ಅದ್ದಬೇಕು. ಮೊದಲ ದಿನವೇ ಅತ್ತಿಗೆ ಕಲಿಸಿದ್ದಳು: “ಏನೇ ಆಗ್ಲಿ, ಮೊದ್ಲು ನೀರು.”

ಆ ‘ಏನೇ ಆಗ್ಲಿ’ ಅವಳ ತಪ್ಪು. ಇನ್ನೊಂದು ತಪ್ಪು ಎಲ್ಲರದ್ದು. ತೊಟ್ಟಿಯ ತಗಡಿನ ಮುಚ್ಚಳ ಸೌಟಿಗೆ ಅಡ್ಡ ಬರುತ್ತದೆಂದು, ಅದನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿ ಬತ್ತಿ ಆರಲು ಇಡುವ ಮೇಜು ಮಾಡಿಕೊಂಡಿದ್ದರು. ಈಗ ಅದರ ಮೇಲೆ ಇವತ್ತು ಹೊಯ್ದ ಬತ್ತಿಗಳ ಇಡೀ ಲಾಟ್ ನಿಂತಿದೆ.

೪

ಮಧ್ಯಾಹ್ನ ಮೂರು ಗಂಟೆ. “ಎರಡೇ ನಿಮಿಷ, ಬಾ, ಗಾಡಿಗೆ ಬಾಕ್ಸ್ ಹಾಕು” ಎಂದು ಸೂಪರ್‌ವೈಸರ್ ಅತ್ತಿಗೆಯನ್ನು ಬಾಗಿಲಿಗೆ ಕರೆದ. ಎರಡು ಹೋಗಿ ಇಪ್ಪತ್ತಾಯಿತು. ತಿರುಗಿ ನೋಡಿದರೆ ಮೂಲೆಯಲ್ಲಿ ಬಿಳಿ ಹೊಗೆ.

“ಸಾರ್, ಮೇನ್ ಆಫ್ ಮಾಡಿ!”

ಅವನು ಮಾಡಿದ. ಆದರೆ ಅಷ್ಟರಲ್ಲಿ ಭಗ್ಗೆಂದು ತೊಟ್ಟಿಯ ಮೈತುಂಬ ಬೆಂಕಿ. ತೊಟ್ಟಿಯ ಪಕ್ಕದಲ್ಲೇ ಇದ್ದ ನಾದಿನಿ ಬಕೆಟ್ ಎತ್ತಿದಳು.

೪½

ಇಲ್ಲಿ ತಡೆಯುತ್ತೇನೆ. ನೀರು ಮೇಣಕ್ಕಿಂತ ಭಾರ. ತಳಕ್ಕಿಳಿಯುತ್ತದೆ, ಇಳಿದ ಕ್ಷಣವೇ ಹಬೆಯಾಗುತ್ತದೆ, ಹಬೆ ಉರಿಯುವ ಮೇಣವನ್ನು ಚಾವಣಿಗೆ ಎಸೆಯುತ್ತದೆ. ಚಾವಣಿಗೂ ತೊಟ್ಟಿಗೂ ನಡುವೆ ಒಂದು ಮುಖವಿದೆ.

(ನಾನು: ಅತ್ತಿಗೆ, ಇದಾದ್ರೆ ನಾಳೆ ಜನ ಬೀದಿಗಿಳೀತಾರೆ. ಕಥೆಗೆ ಕಿಚ್ಚು ಬರುತ್ತೆ.

ಅತ್ತಿಗೆ: ಜನ ಬೀದಿಗಿಳಿಯೋಕೆ ನನ್ ನಾದಿನಿ ಸುಡ್ಬೇಕಾ? ನಿನ್ ಮುಖ ಕೊಡಮ್ಮ, ನೋಡೋಣ.)

ಮುಕ್ತಾಯ ಅ: ನೀರು ಬೀಳುತ್ತದೆ. (ನಾಲ್ಕು ಪುಟ ಬರೆದಿದ್ದೆ. ಚೆನ್ನಾಗಿಯೇ ಬಂದಿತ್ತು. ನಾಚಿಕೆಯಾಗಿ ಹರಿದೆ.)

ಮುಕ್ತಾಯ ಆ: ಸೂಪರ್‌ವೈಸರ್ ಓಡಿಬಂದು ಕಾಪಾಡುತ್ತಾನೆ. (ನಗಬೇಡಿ.)

ಮುಕ್ತಾಯ ಇ: ನನ್ನನ್ನು ಕೇಳದೆ ಅತ್ತಿಗೆಯೇ ಓಡಿದಳು.

“ನೀರು ಬೇಡ ಕಣೇ! ಕೆಳಗಿಡು!”

“ಮೊದ್ಲು ನೀರು ಅಂದಿದ್ದು ನೀವೇ ಅಲ್ವಾ ಅತ್ತಿಗೆ!”

“ತಪ್ಪು ಹೇಳ್ದೆ ಕಣೇ! ನಾನೇ ತಪ್ಪು ಹೇಳ್ದೆ! ಇಡು, ಈ ಕಡೆ ಹಿಡಿ!”

ಬಕೆಟ್ ನೆಲಕ್ಕೆ ಬಂತು. ಇಬ್ಬರೂ ಮೇಜಾಗಿದ್ದ ಮುಚ್ಚಳದ ಎರಡು ತುದಿ ಹಿಡಿದರು. “ಲಾಟು! ಲಾಟ್ ಕಣ್ರೇ ಅದು!” ಎಂದು ಬಾಗಿಲಿನಿಂದ ಸೂಪರ್‌ವೈಸರ್ ಕಿರುಚಿದ. ಮೆತ್ತಗಿದ್ದ ಬತ್ತಿಗಳೆಲ್ಲ ದೊಪದೊಪನೆ ಉದುರಿದವು. ತಗಡು ತೊಟ್ಟಿಯ ಅಂಚಿನಿಂದ ಜಾರುತ್ತ, ಜಾರುತ್ತ, ಪೂರ್ತಿ ಕೂತಿತು. ಗಾಳಿಯಿಲ್ಲದೆ ಬೆಂಕಿಯ ಸದ್ದಡಗಿತು. ಅತ್ತಿಗೆ ನಾದಿನಿಯ ಮುಖ ಹಿಡಿದು ಹಣೆ, ಕೆನ್ನೆ, ರೆಪ್ಪೆ ಒಂದೊಂದನ್ನೂ ನೋಡಿದಳು.

ಇಲ್ಲಿಗೆ ಮುಗಿಸಬಹುದಿತ್ತು.

೫

“ಆರ್ತಲ್ಲ,” ಸೂಪರ್‌ವೈಸರ್ ಬಂದ. “ಮುಚ್ಚಳ ತೆಗೀರಿ. ಸಾಯಂಕಾಲಕ್ಕೆ ಬೇರೆ ಲಾಟ್ ಹೊಯ್ಬೇಕು.”

“ತಣ್ಣಗಾಗ್ಲಿ ಸಾರ್. ಈಗ ತೆಗೆದ್ರೆ ಗಾಳಿ ತಗುಲಿ ಮತ್ತೆ ಹತ್ಕೊಳ್ಳುತ್ತೆ.”

“ಎಷ್ಟೊತ್ತು?”

“ಅದು ಹೇಳಿದಷ್ಟು.”

“ನೀನೇನು ಇಂಜಿನಿಯರಾ? ಪಕ್ಕಕ್ಕೆ ಸರಿ.”

ಅತ್ತಿಗೆ ಸರಿಯಲಿಲ್ಲ. ನಾದಿನಿ ಬಂದು ಅವಳ ಪಕ್ಕ ನಿಂತಳು. ಅವನ ಕೈ ಮುಚ್ಚಳದ ಅಂಚಿನಿಂದ ಒಂದು ಮೊಳ ದೂರದಲ್ಲಿದೆ.

ಆಮೇಲೇನಾಯಿತು ಎನ್ನುತ್ತೀರಿ. ನಾನು ಮುಂದಿನ ವಾಕ್ಯ ಬರೆದರೆ ತಾನೇ ಅವನ ಕೈ ಅಲ್ಲಿಗೆ ಮುಟ್ಟುವುದು? ಬರೆಯುವುದಿಲ್ಲ. ಇದೇ ನನ್ನ ಪ್ರತಿಭಟನೆ ಎಂದು ಪೆನ್ನು ಕೆಳಗಿಟ್ಟೆ.

ಅತ್ತಿಗೆ ತಿರುಗಿಯೂ ನೋಡಲಿಲ್ಲ.

“ನೀನ್ ಬರೀದಿದ್ರೆ ಅವ್ನು ನಿಲ್ತಾನೇನಮ್ಮ? ನಾವ್ ನಿಂತಿದೀವಿ, ಅದಕ್ಕೆ ನಿಂತಿದಾನೆ.”