ಮಡಿಯಲ್ಲಿ ಹಿಡಿದ ಸೊಂಟ

ವಿಷ್ಣುಮೂರ್ತಿಗಳ ಸೊಂಟ ಹಿಡಿದದ್ದು ನಾಗರಪಂಚಮಿಯ ಹಿಂದಿನ ದಿನ ಬೆಳಿಗ್ಗೆ, ಬಾಲಿಗಂಜಿನ ಮನೆಯ ತಾರಸಿಯಲ್ಲಿ, ಅರಶಿನ ಗಿಡದ ಗೋಣಿಗಳ ನಡುವೆ. ಹಿಡಿಯಬಾರದ ಹೊತ್ತಿನಲ್ಲೇ ಹಿಡಿಯುವುದು ಸೊಂಟದ ಗುಣ. ಆದರೆ ಈ ಸಲ ತಪ್ಪು ಸೊಂಟದ್ದಲ್ಲ.

ಉಡುಪಿಯಿಂದ ಬಂದು ಈ ಬಂಗಾಳಿ ಊರಿನಲ್ಲಿ ಹೋಟೆಲು ಇಟ್ಟ ಅವರಿಗೆ ಎಷ್ಟು ಹುಡುಕಿದರೂ ಸಿಗದೆ ಹೋದದ್ದೆಂದರೆ ಪಂಚಮಿಯ ಕಡುಬಿಗೆ ಬೇಕಾದ ಅರಶಿನ ಎಲೆ. ಹಿಟ್ಟು ಹಚ್ಚಿ, ಕಾಯಿಬೆಲ್ಲ ಇಟ್ಟು, ಮಡಚಿ ಬೇಯಿಸಿದರೆ ಮನೆಯೆಲ್ಲ ಘಮ್ಮೆನ್ನುವ ಎಲೆ. ಕೊನೆಗೆ ತಾವೇ ಗೋಣಿಗಳಲ್ಲಿ ಮಣ್ಣು ತುಂಬಿ ಬೆಳೆಸಿದರು. ಈಗ ಇಲ್ಲಿರುವ ಊರ ಕಡೆಯವರ ಮನೆಗಳೆಲ್ಲ ಪಂಚಮಿ ಬಂತೆಂದರೆ ಅವರಿಗೇ ಫೋನು ಮಾಡುತ್ತವೆ. ಎಲೆ ಕೊಯ್ಯುವುದು ಮಾತ್ರ ಅವರೊಬ್ಬರೇ, ಸ್ನಾನ ಮಾಡಿ, ಮಡಿಯುಟ್ಟು. ಹೆಂಡತಿ ಪ್ರಫುಲ್ಲಾ ಆಗಲಿ, ಮಗಳು ಶ್ರೇಯಾ ಆಗಲಿ ಮುಟ್ಟುವಂತಿಲ್ಲ.

ಹೋದ ವರ್ಷ ಇದೇ ಕೆಲಸದಲ್ಲಿ ಸೊಂಟ ಹಿಡಿದು ವಾರವಿಡೀ ಮಲಗಿದ್ದರು. ಆಗ ಪ್ರಫುಲ್ಲಾ ದೇವರ ದೀಪದ ಮುಂದೆ ಆಣೆ ಹಾಕಿಸಿದ್ದರು: ಇನ್ನೊಮ್ಮೆ ಹೀಗಾದರೆ ಗೋಣಿಗಳು ಬೇರೆಯವರ ಪಾಲು. ವಿಷ್ಣುಮೂರ್ತಿಗಳು ತಪ್ಪಿಯೂ ಆಣೆ ಮುರಿಯುವ ಜನವಲ್ಲ.

ಇವತ್ತು ಮಳೆನೀರು ಕುಡಿದು ಕೊಬ್ಬಿದ ಗೋಣಿಯೊಂದನ್ನು ಪಕ್ಕಕ್ಕೆ ಸರಿಸಬೇಕಿತ್ತು. ಬಿಗಿಯಾಗಿ ಉಟ್ಟ ಪಂಚೆಯಲ್ಲಿ ಮೊಣಕಾಲು ಮಡಚುವುದು ಕಷ್ಟ. ಯಾರನ್ನಾದರೂ ಕರೆದರೆ ಮಡಿ ಕೆಡುತ್ತದೆ. ಸೊಂಟದಿಂದಲೇ ಬಗ್ಗಿದರು, ಕೈಚಾಚಿ ಎಳೆದರು, ಎಳೆಯುತ್ತಲೇ ಮೈ ತಿರುಗಿಸಿದರು. ಬೆನ್ನಿಗೆ ಮಾಡಬಾರದ್ದನ್ನೆಲ್ಲ ಒಂದೇ ಏಟಿಗೆ ಮಾಡಿ ಮುಗಿಸಿದರು. ಕಟಕ್ಕೆಂದಿತು. ಮೇಲೆ ಏಳಲಾಗದು, ಕೆಳಗೆ ಕೂರಲಾಗದು. ಕೂಗಿದರೆ ತೋಟ ಹೋಯಿತು, ಕೂಗದಿದ್ದರೆ ಸೊಂಟ ಹೋಯಿತು. ಅತ್ತ ದರಿ, ಇತ್ತ ಪುಲಿ.

"ಎಲೆ ಕೊಯ್ದಾಯ್ತಾ?" ಪ್ರಫುಲ್ಲಾ ಮೆಟ್ಟಿಲು ಹತ್ತಿ ಬಂದರು.

"ಆಗ್ತಾ ಉಂಟು. ಒಂದು ನಮಸ್ಕಾರ ಮಾಡ್ತಾ ಇದ್ದೇನೆ."

"ಗೋಣಿಗಾ?"

"ನಾಗನಿಗೆ. ಗಿಡದ ಬುಡದಲ್ಲೇ ಅಲ್ವಾ ಅವನಿರುವುದು."

ಪ್ರಫುಲ್ಲಾ ತಾವೂ ಕೈಮುಗಿದರು. ಸ್ವಲ್ಪ ಹೊತ್ತು ಕಾದರು. ಹನಿ ಬೀಳತೊಡಗಿತು. ಗಂಡ ಬಗ್ಗಿದಲ್ಲೇ ಇದ್ದರು.

"ಸಾಕು ಮಾರಾಯ್ರೆ, ನಾಗನಿಗೂ ಬೇಜಾರು ಬಂದಿರ್ತದೆ. ಏಳಿ."

ಅಷ್ಟರಲ್ಲಿ ಶ್ರೇಯಾ ಬಂದು ಇಣುಕಿದಳು. "ಅಮ್ಮ, ಅಪ್ಪ ಪ್ರೇ ಮಾಡ್ತಾ ಇಲ್ಲ. ಸ್ಟಕ್ ಆಗಿದ್ದಾರೆ."

"ಮುಟ್ಟಬೇಡಿ! ಮಡಿ!" ವಿಷ್ಣುಮೂರ್ತಿಗಳು ನೆಲ ನೋಡುತ್ತಲೇ ಕಿರುಚಿದರು.

"ನಿಮ್ಮ ಮಡಿಯ ಮನೆ ಹಾಳಾಗ!" ಎಂದ ಪ್ರಫುಲ್ಲಾ ನುಗ್ಗಿ ಬಂದು ಒಂದು ತೋಳು ಹಿಡಿದರು, ಶ್ರೇಯಾ ಇನ್ನೊಂದು.

ಹೋದ ವರ್ಷ ನೋಡಿದ ಡಾಕ್ಟರಿಗೆ ಫೋನು ಹೋಯಿತು. ಕಾಲಿನಲ್ಲಿ ಜೋಮು ಉಂಟೇ ಎಂದು ಕೇಳಿ, ಇಲ್ಲವೆಂದ ಮೇಲೆ ಅವರು ಹೇಳಿದ್ದು ಇಷ್ಟು: ಬಿಸಿ ಶಾಖ ಕೊಡಿ, ಕಾಲನ್ನು ಕುರ್ಚಿಯ ಮೇಲಿಟ್ಟು ನೆಲದಲ್ಲಿ ಮಲಗಿಸಿ, ನಡುನಡುವೆ ಎಬ್ಬಿಸಿ ನಡೆಸಿ, ಹೋದ ಸಲದ ಹಾಗೆ ಹಾಸಿಗೆ ಹಿಡಿಯಲು ಬಿಡಬೇಡಿ.

ನೆಲದ ಮೇಲೆ ಮಲಗಿದವರ ಫೋನು ಬಿಡದೆ ಬಡಿದುಕೊಂಡಿತು. ಎಲ್ಲರಿಗೂ ಎಲೆ ಬೇಕು. ಬಹಳ ಹೊತ್ತು ಫ್ಯಾನು ನೋಡಿದ ಮೇಲೆ, "ಶ್ರೇಯಾ ಕೊಯ್ಯಲಿ," ಎಂದರು. ಸೊಂಟಕ್ಕಿಂತ ಆ ಮಾತೇ ಹೆಚ್ಚು ನೋಯಿಸಿತು. ಕೇಳಿದವರಿಗೆಲ್ಲ, "ಮಡಿಯಲ್ಲಿ ಕೊಯ್ದದ್ದಲ್ಲ, ಮಗಳು ಕೊಯ್ದದ್ದು," ಎಂದು ತಾವಾಗಿ ಹೇಳಿದರು. ಒಬ್ಬರೂ ಬೇಡವೆನ್ನಲಿಲ್ಲ. ಅದೂ ಅವರಿಗೆ ಸ್ವಲ್ಪ ಚುಚ್ಚಿತು.

ಸಂಜೆ ಪ್ರಫುಲ್ಲಾ ಶಾಖದ ಚೀಲ ಹಿಡಿದು ಪಕ್ಕದಲ್ಲಿ ಕೂತರು.

"ಆಣೆ ನೆನಪುಂಟಲ್ಲ?"

"ಉಂಟು." ಆ ಗೋಣಿಗಳಿಲ್ಲದ ತಾರಸಿಯೆಂದರೆ ಅವರಿಗೆ ಬರೀ ಸಿಮೆಂಟು. "ಯಾರಿಗೆ ಕೊಡುವುದು?"

"ಕೊಟ್ಟಾಯ್ತು. ಶ್ರೇಯಾಳಿಗೆ. ಇನ್ನು ಅದು ಅವಳ ತೋಟ. ಬೇಕಿದ್ರೆ ನೀವು ಅವಳ ಕೈಕೆಳಗೆ ಸೇರಿಕೊಳ್ಳಿ."

ವಿಷ್ಣುಮೂರ್ತಿಗಳಿಗೆ ನಗು ಬಂತು. ನಕ್ಕರೆ ಸೊಂಟ ಚುರ್ರೆನ್ನುತ್ತಿತ್ತು, ಆದರೂ ನಕ್ಕರು.

ಪಂಚಮಿ ಕಳೆದು ಒಂದು ಭಾನುವಾರ ಪಾಯಿಜಾಮ ತೊಟ್ಟು ನಿಧಾನವಾಗಿ ಮೇಲೆ ಹೋದರು. ಶ್ರೇಯಾ ಸಣ್ಣ ಸ್ಟೂಲಿನ ಮೇಲೆ ಕೂತು, ಕೂತ ಜಾಗವನ್ನು ಆಗಾಗ ಬದಲಿಸುತ್ತ ಕಳೆ ಕೀಳುತ್ತಿದ್ದಳು. ಹಳೆಯ ಗೋಣಿಗಳ ಪಕ್ಕದಲ್ಲಿ ಹೋಟೆಲಿನ ಬೆಂಚೊಂದು ಬಂದಿತ್ತು. ಅದರ ಮೇಲೆ ಒಂದೇ ಕೈಯಲ್ಲಿ ಎತ್ತಬಹುದಾದ ಕುಂಡಗಳು. ತಮಗೆ ಇಷ್ಟು ವರ್ಷ ಇದು ಯಾಕೆ ಹೊಳೆಯಲಿಲ್ಲವೋ.

"ನನಗೆ ಎಂತಾದ್ರೂ ಕೆಲಸ ಉಂಟಾ?" ಎಂದರು.

ಶ್ರೇಯಾ ತಲೆಯೆತ್ತಿ ಅವರ ಕಾಲಿನಿಂದ ಸೊಂಟದವರೆಗೆ ನೋಡಿದಳು. "ಉಂಟು. ಬಟ್ ಕೂತ್ಕೊಂಡೇ ಮಾಡ್ಬೇಕು. ಭಾರ ಎತ್ತುವಾಗ ನನ್ನನ್ನ ಕರೀಬೇಕು. ಪ್ರಾಮಿಸ್?"

ತಾವೇ ನೆಟ್ಟ ತೋಟದಲ್ಲಿ ಕೆಲಸ ಕೇಳಿ ನಿಂತದ್ದಕ್ಕೆ ಅವರಿಗೆ ನಾಚಿಕೆಯಾಯಿತು. ಆದರೆ ಅದಕ್ಕಿಂತ ಹೆಚ್ಚು ಸಂತೋಷವೇ ಆಯಿತು. ಇಷ್ಟು ವರ್ಷ ಅಲ್ಲಿ ಅವರೊಬ್ಬರೇ ಇರುತ್ತಿದ್ದರು. ಮಗಳು ಸರಿಸಿಕೊಟ್ಟ ಸ್ಟೂಲಿನ ಮೇಲೆ ಕೂತು ಕಳೆಗೆ ಕೈ ಹಾಕಿದರು.