ಗುಂಡ್ಯಾನ ಸನ್ಮಾನ

ಆಕಾಶದಿಂದ ಒಂದು ಜೀವ ನೆಲಕ್ಕೆ ಬಿದ್ದರೆ ಬೇರೆ ಊರಿನ ಜನ ಏನು ಮಾಡುತ್ತಾರೋ ಗೊತ್ತಿಲ್ಲ. ಹೆದರಿ ಓಡಬಹುದು, ಪೊಲೀಸರಿಗೆ ಹೇಳಬಹುದು, ಬುದ್ಧಿ ಇದ್ದವರಾದರೆ ಪೆಟ್ಟಾಗಿದೆಯೇ ಎಂದು ಕೇಳಲೂಬಹುದು. ಮೂಡಲಗಿಯವರು ಮಾತ್ರ ಶಾಲು ತಂದರು.

ತರದೆ ಇನ್ನೇನು ಮಾಡಿಯಾರು? ಇಲ್ಲಿ ಸಾಹೇಬರು ವರ್ಗವಾಗಿ ಬಂದರೆ ಶಾಲು, ವರ್ಗವಾಗಿ ಹೋದರೆ ಇನ್ನೊಂದು ಶಾಲು. ಬೋರಿಗೆ ನೀರು ಬಿದ್ದರೆ ಬೋರು ಹೊಡೆದವನಿಗೆ ಶಾಲು, ಬೀಳದಿದ್ದರೆ ಜಾಗ ತೋರಿಸಿದವನಿಗೆ ಸಮಾಧಾನಕ್ಕೊಂದು ಶಾಲು. ಈ ಶಾಲಿನ ರಾಜ್ಯಕ್ಕೆ ದೊರೆ ಎಂದರೆ ರಾಚಪ್ಪ, ನಾಗರಿಕ ಸನ್ಮಾನ ಸಮಿತಿಯ ಅಧ್ಯಕ್ಷ. ಆ ದೊರೆಯ ಅಣ್ಣನ ಮಗಳಾಗಿ ಹುಟ್ಟಿದ್ದು ಭಾಗ್ಯಾಳ ಕರ್ಮ. ಪಿಯುಸಿ ಓದುತ್ತಿದ್ದ ಆ ಹುಡುಗಿ ಶುಕ್ರವಾರ ಬೆಳಿಗ್ಗೆ ವೇದಿಕೆಯ ಪಕ್ಕದಲ್ಲಿ ನಿಂತು ಹಲ್ಲು ಕಡಿಯುತ್ತಿದ್ದಳು.

ವೇದಿಕೆಯ ಮೇಲೆ, ಮದುವೆ ಮನೆಯಿಂದ ತಂದ ಕೆಂಪು ಕುರ್ಚಿಯಲ್ಲಿ ಗುಂಡ್ಯಾ ಕುಳಿತಿತ್ತು. ಕುಂಬಳಕಾಯಿಯಷ್ಟು ದುಂಡು ಮೈ, ಮೂರು ಗಿಡ್ಡ ಕಾಲು, ಎಳೆ ಕಬ್ಬಿನ ಎಲೆಯಂಥ ಹಸಿರು ತೊಗಲು. ಬಿಸಿಲು ಬಿದ್ದಾಗ ಆ ತೊಗಲು ಒಳಗಿನಿಂದ ಮಿನುಗುತ್ತಿತ್ತು, ಏಕೆಂದರೆ ಗುಂಡ್ಯಾ ಉಣ್ಣುವುದೇ ಬೆಳಕನ್ನು. ಹೆಸರಿಟ್ಟವಳು ಭಾಗ್ಯಾಳ ಗೆಳತಿ ಮಯೂರಿ. ಭಾಗ್ಯಾಳ ಅಜ್ಜಿ, ತಾಯಿಯ ತಾಯಿ ಕಾಶೆವ್ವನನ್ನು ಅವರದೇ ಹೊಲದಲ್ಲಿ ಮಣ್ಣು ಮಾಡಿದ ಮಾರನೆಯ ದಿನ, ಪಕ್ಕದ ಕಬ್ಬಿನ ಸಾಲಿನಲ್ಲಿ ಅದು ಇಬ್ಬರಿಗೂ ಸಿಕ್ಕಿತ್ತು. ಕಬ್ಬು ಕಡಿಯುವವರ ಮಾತು ಕೇಳಿ ಕೇಳಿಯೇ ಕನ್ನಡ ಕಲಿತಿದ್ದ ಅದು, ಹುಡುಗಿಯರನ್ನು ಕಂಡದ್ದೇ "ಬರ್ರಿ, ಚಾ ಆತೇನ್ರಿ?" ಎಂದು ಕೇಳಿತ್ತು.

ಅದರ ಕಥೆ ಸರಳ. ನೌಕೆ ಒಡೆದು ಬಿದ್ದಿತ್ತು. ಅದರ ಕಡೆಯವರು ಈ ಶುಕ್ರವಾರ ಹೊತ್ತು ಮುಳುಗುವಾಗ ಗೋಕಾಕ ಫಾಲ್ಸಿನ ತುಂತುರಿನ ಮರೆಯಲ್ಲಿ ಬರುವವರಿದ್ದರು. ಗುಂಡ್ಯಾ ಅಲ್ಲಿ ನಿಂತು ಮೈ ಬೆಳಗಿಸಿ ಕರೆಯಬೇಕು. ಬೆಳಕು ಕಾಣದಿದ್ದರೆ ಅವರು ತಿರುಗಿ ಹೋಗುತ್ತಾರೆ, ಮತ್ತೆ ಈ ಕಡೆ ಬರುವುದಿಲ್ಲ. ಹುಡುಗಿಯರು ಯಾರಿಗೂ ಹೇಳದೆ ತಾವೇ ಮುಟ್ಟಿಸುವ ಲೆಕ್ಕದಲ್ಲಿದ್ದರು. ಅಷ್ಟರಲ್ಲಿ ರಾಚಪ್ಪನ ಕಣ್ಣಿಗೆ ಬಿತ್ತು.

"ಕಾಕಾ, ಅದು ಸಂಜಿಕ ಫಾಲ್ಸಿಗಿ ಮುಟ್ಟಬೇಕ್ರಿ. ಮತ್ತ ಅದರ ಮೈಮ್ಯಾಲ ಬಟ್ಟಿ ಹಾಕಬ್ಯಾಡ್ರಿ, ಬಿಸಲ ಬೀಳದಿದ್ರ ಸಾಯತೈತಿ," ಎಂದು ಭಾಗ್ಯಾ ಕೈಮುಗಿದು ಹೇಳಿದ್ದಳು.

"ಅತಿಥಿನ್ನ ಬರಿಮೈಲೆ ಕಳಿಸಿದ್ರ ನಾಕ ಮಂದಿ ಏನಂದಾರು?" ಎಂದಿದ್ದ ರಾಚಪ್ಪ. "ಮೂಡಲಗಿ ಈಗ ತಾಲೂಕ ಆಗೇತಿ. ಅದಕ್ಕ ತಕ್ಕಂಗ ಮಾತಾಡು."

ಸುದ್ದಿ ಹಬ್ಬಿತು. ಮೊನ್ನೆ ಮೊನ್ನೆಯವರೆಗೆ ಮೂಡಲಗಿ ನಮ್ಮ ತಾಲೂಕಿನಲ್ಲೇ ಇತ್ತು, ಆದ್ದರಿಂದ ಅತಿಥಿ ನಮ್ಮವನು ಎಂದು ಗೋಕಾಕದವರು ಬಂದರು. ನಮ್ಮ ಯಮಕನಮರಡಿಯ ಡಾಬಾದಲ್ಲಿ ಕುಳಿತಿದ್ದವನೊಬ್ಬ ಆಕಾಶದಲ್ಲಿ ಬೆಂಕಿ ಹೋದದ್ದನ್ನು ಕಂಡಿದ್ದಾನೆ, ಅಂದ ಮೇಲೆ ಮೊದಲು ದಾಟಿದ್ದು ನಮ್ಮ ತಲೆಯ ಮೇಲೇ ಎಂದು ಹುಕ್ಕೇರಿಯವರು ಬಂದರು. ಆಹಾ, ಏನು ತಲೆ, ಏನು ತರ್ಕ! ಕೊನೆಗೆ ಮೂರೂ ಊರಿನ ಹಿರಿಯರು ಚಹಾ ಕುಡಿದು ತೀರ್ಮಾನಿಸಿದರು: ಬೆಳಿಗ್ಗೆ ಮೂಡಲಗಿ, ಮಧ್ಯಾಹ್ನ ಗೋಕಾಕ, ಸಂಜೆ ಹುಕ್ಕೇರಿ. ನಿನಗೆ ಎಲ್ಲಿಗೆ ಹೋಗಬೇಕಪ್ಪಾ ಎಂದು ಗುಂಡ್ಯಾನನ್ನು ಕೇಳಿದವರು ಒಬ್ಬರೂ ಇಲ್ಲ.

ಮೊದಲ ಶಾಲು ಬಿದ್ದಾಗ ಗುಂಡ್ಯಾ "ಸಾಕ್ರಿ" ಎಂದಿತು. ಎಂಥ ವಿನಯ ಎಂದು ಜನ ಚಪ್ಪಾಳೆ ಹೊಡೆದು ಎರಡನೆಯದನ್ನು ಹೊದಿಸಿದರು. ಆಮೇಲೆ ಲೆಕ್ಕವಿಲ್ಲ. ಸಹಕಾರಿ ಸಂಘದವರು, ಕಾಳಿನ ವ್ಯಾಪಾರಿಗಳು, ಕ್ರಿಕೆಟ್ ತಂಡದವರು, ಎಲ್ಲರೂ ಹೊದಿಸಿದ್ದೇ ಹೊದಿಸಿದ್ದು. ಅದರ ಮೇಲೆ ಮಾಲೆ, ಮಾಲೆಯ ಮೇಲೆ ರುಮಾಲಿನ ಪೇಟ. ರಾಚಪ್ಪ ಮೈಕು ಹಿಡಿದು ಅತಿಥಿಗಳ ಸರಳತೆ, ಸಮಾಜಸೇವೆ, ಅವರ ತುಂಬಲಾರದ ಸ್ಥಾನ ಎಂದೆಲ್ಲ ಬಡಬಡಿಸಿದ. ಅದು ಭೂಮಿಗೆ ಬಂದು ಒಂದು ವಾರವೂ ಆಗಿರಲಿಲ್ಲ. ಭಾಷಣ ಮುಗಿಯುವಷ್ಟರಲ್ಲಿ ಗುಂಡ್ಯಾ ಮಾತು ನಿಲ್ಲಿಸಿತ್ತು.

ತೆರೆದ ಜೀಪಿನಲ್ಲಿ ಅದನ್ನು ಗೋಕಾಕಕ್ಕೆ ಮೆರೆಸಿಕೊಂಡು ಹೋದರು. ಹಿಂದೆ ಮಯೂರಿಯ ಅಪ್ಪ ಕೇದಾರಿಯ ಟ್ರ್ಯಾಕ್ಟರ್, ಅದರ ಟ್ರೇಲರಿನಲ್ಲಿ ಸೌಂಡ್ ಬಾಕ್ಸು, ಜನರೇಟರು, ಮೈಕು, ಇಬ್ಬರು ಹುಡುಗಿಯರು. ಗೋಕಾಕದಲ್ಲಿ ಮತ್ತದೇ ಶಾಲು, ಅದೇ ಸರಳತೆ, ಅದೇ ತುಂಬಲಾರದ ಸ್ಥಾನ. ಹೆಚ್ಚಿಗೆ ಸಿಕ್ಕದ್ದು ಒಂದು ನೆನಪಿನ ಕಾಣಿಕೆ: ಅಲ್ಲಿಯ ಕಲಾಕಾರರು ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ಕುಂಬಳಕಾಯಿ. ಇಡೀ ದಿನದ ಸಂಭ್ರಮದಲ್ಲಿ ಅಚ್ಚುಕಟ್ಟಾದ ಕೆಲಸ ಎಂದರೆ ಅದೊಂದೇ. ಫೋಟೋ ತೆಗೆದಾಯಿತು, ಜನ ಊಟಕ್ಕೆ ನುಗ್ಗಿದರು, ಹಿರಿಯರು ಫ್ಲೆಕ್ಸಿನಲ್ಲಿ ಯಾರ ಮುಖ ದೊಡ್ಡದಾಗಿದೆ ಎಂದು ಜಗಳಕ್ಕೆ ನಿಂತರು.

ಫೋಟೋ ಆದ ಮೇಲೆ ಸನ್ಮಾನಿತನ ಕಡೆ ನಮ್ಮಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆ ಕೆಟ್ಟ ರೂಢಿಯೇ ಅವತ್ತು ಕೆಲಸಕ್ಕೆ ಬಂತು. ಭಾಗ್ಯಾ ಶಾಲಿನ ರಾಶಿಯೊಳಗೆ ಕೈ ಹಾಕಿ ಗುಂಡ್ಯಾನನ್ನು ಎಳೆದುಕೊಂಡಳು. ಮಯೂರಿ ಕಟ್ಟಿಗೆಯ ಕುಂಬಳಕಾಯಿಯನ್ನು ಒಳಗಿಟ್ಟು, ಮಾಲೆ ಸರಿಪಡಿಸಿ, ರುಮಾಲು ಏರಿಸಿದಳು. ಗುಂಡ್ಯಾನ ಮೈ ಕಬ್ಬಿನ ಒಣಗಿದ ಎಲೆಯ, ರವದಿಯ ಬಣ್ಣಕ್ಕೆ ತಿರುಗಿತ್ತು.

ಹಿರಿಯರೆಲ್ಲ ಉಂಡ ಮೇಲೆ ಕರೆಯುತ್ತೇವೆಂದು ಕೇದಾರಿಯನ್ನು ಗೇಟಿನ ಹತ್ತಿರವೇ ನಿಲ್ಲಿಸಿದ್ದರು. ಮಗಳು ಕೈ ಚಾಚಿದ್ದೇ ತಡ, ಅವನು ಚಾವಿ ಕೊಟ್ಟ. "ಹೋಗ್ರಿ. ಇವರು ನನ್ನ ಊಟಕ್ಕ ಕರಿಯೂದ್ರಾಗ ಹೆಂಗೂ ಹೊತ್ತ ಮುಳಗತೈತಿ. ತಿರುವಿನ್ಯಾಗ ಸಾವಕಾಶ ಹೊಡಿ."

ಮಯೂರಿ ಸಾವಕಾಶ ಹೊಡೆಯಲಿಲ್ಲ. ಟ್ರೇಲರು ದಡಬಡ ಕುಣಿಯುತ್ತ ಗುಡ್ಡದ ರಸ್ತೆ ಏರಿತು. ಅರ್ಧ ದಾರಿಯಲ್ಲಿ ಹಿಂದಿನಿಂದ ಹಾರ್ನು ಕೇಳಿಸಿತು: ಅದೇ ರಸ್ತೆಯಲ್ಲಿ ಹುಕ್ಕೇರಿಗೆ ಹೊರಟ ಮೆರವಣಿಗೆ! ಭಾಗ್ಯಾ ಗುಂಡ್ಯಾನನ್ನು ಸೌಂಡ್ ಬಾಕ್ಸಿನ ಹಿಂದೆ ತಳ್ಳಿದಳು. ಜೀಪು ಪಕ್ಕಕ್ಕೆ ಬಂತು. ರಾಚಪ್ಪ ಕುಂಬಳಕಾಯಿಯ ಹೆಗಲ ಮೇಲೆ ಕೈ ಹಾಕಿಕೊಂಡು ಕುಳಿತಿದ್ದ.

"ಲಗೂ ಬರ್ರಿ, ಹುಕ್ಕೇರ್ಯಾಗ ಸೌಂಡ್ ಬೇಕು!" ಎಂದು ಕೂಗಿ ಮುಂದೆ ಹೋದ.

ಫಾಲ್ಸಿಗೆ ಮುಟ್ಟಿದಾಗ ಸೂರ್ಯ ಕೆಂಪಗಾಗಿದ್ದ. ಈ ವರ್ಷ ಮಳೆ ತಡವಾಗಿ ನಿಂತಿದ್ದರಿಂದ ನೀರು ಇನ್ನೂ ಧೋ ಎಂದು ಬೀಳುತ್ತಿತ್ತು. ಬಂಡೆಯ ಮೇಲೆ ಗುಂಡ್ಯಾನನ್ನು ಇಟ್ಟು, ಮೈಗೆ ಮೆತ್ತಿದ್ದ ಜರಿಯ ಪುಡಿ, ಹೂವಿನ ಎಸಳು ಎಲ್ಲವನ್ನೂ ತೊಳೆದರು. ಬಿಸಿಲು ನೇರವಾಗಿ ಅದರ ಮೇಲೆ ಬಿತ್ತು. ಆದರೂ ಮೈ ಮಿನುಗಲಿಲ್ಲ.

"ಉಣ್ಣೋ ಗುಂಡ್ಯಾ, ಬಿಸಲ ಐತಿ ನೋಡು," ಎಂದಳು ಭಾಗ್ಯಾ.

ಗುಂಡ್ಯಾನಿಂದ ಸಣ್ಣ ದನಿ ಬಂತು. "ಸತ್ತವರು ಉಣ್ಣಂಗಿಲ್ರಿ."

"ಯಾರ ಸತ್ತಾರ?"

"ನಾ ಸತ್ತೇನ್ರಿ. ಕಬ್ಬಿನಾಗ ಕುಂತ ನೋಡೇನಿ. ನಿಮ್ಮ ಆಯಿನ್ನ ಕುರ್ಚಿ ಮ್ಯಾಲ ಕುಂದ್ರಿಸಿದ್ರು, ಬಟ್ಟಿ ಹೊದಿಸಿದ್ರು, ಮಾಲಿ ಹಾಕಿದ್ರು, ಮೆರಸ್ಕೊಂತ ತಂದ್ರು. ಎಲ್ಲಾರೂ ಭಾಳ ಹೊಗಳಿದ್ರು. ಆಕಿ ಸುಮ್ನ ಕುಂತಿದ್ಲು. ನನಗೂ ಹಂಗ ಮಾಡಿದ್ರು. ಮೊದಲ ಸಾಕ್ರಿ ಅಂದೆ, ಕೇಳಲಿಲ್ಲ. ಇಷ್ಟ ಮಂದಿ ಹಿರ್ಯಾರು ಹೇಳಿದ ಮ್ಯಾಲ ಖರೇನ ಸತ್ತಿರಬೇಕಂತ ಉಣ್ಣೂದ ಬಿಟ್ಟೆ. ಮಣ್ಣ ಇಲ್ಲೇ ಕೊಡ್ತೀರೇನ್ರಿ?"

ಭಾಗ್ಯಾಳಿಗೆ ಮೈ ಉರಿಯಿತು. ಆ ಜೀವ ತಪ್ಪು ತಿಳಿದದ್ದೇನು ಬಂತು? ಅಜ್ಜಿಯ ಮಣ್ಣಿನ ದಿನ ಹೀಗೇ ಅಲ್ಲವೇ ಆದದ್ದು? ಕೆಮ್ಮಿ ಕೆಮ್ಮಿ ಮಲಗಿದ್ದಾಗ ಒಂದು ದಿನ ಹೊಸ್ತಿಲು ತುಳಿಯದವರು ಅವತ್ತು ಸಾಲಾಗಿ ಬಂದು ಆಕೆಯಂಥ ಶಾಂತ ಸ್ವಭಾವ ಇನ್ನೊಂದಿಲ್ಲ ಎಂದರು. ಶಾಂತ ಸ್ವಭಾವ! ಕಾಶೆವ್ವ ಯಾರನ್ನಾದರೂ ಬೈಯದೆ ಒಂದು ತುತ್ತು ಉಂಡವಳಲ್ಲ. ಆ ಬೈಗುಳ ನಿಂತ ಮೇಲೆಯೇ ಭಾಗ್ಯಾಳಿಗೆ ಅಜ್ಜಿ ಹೋದದ್ದು ತಿಳಿದದ್ದು.

ತಟ್ಟನೆ ಅವಳಿಗೆ ದಾರಿ ಹೊಳೆಯಿತು.

"ಗುಂಡ್ಯಾ, ಅವತ್ತ ನಮ್ಮ ಆಯಿನ್ನ ಯಾರರ ಬೈದ್ರೇನು?"

"ಇಲ್ರಿ."

"ನಮ್ಮ ಕಡೆ ಸತ್ತವರನ್ನ ಯಾರೂ ಬೈಯಂಗಿಲ್ಲ. ಬೈದ್ರಂದ್ರ ಜೀವ ಐತಿ ಅಂತ ಅರ್ಥ. ಕೇಳ ಇಲ್ಲಿ!"

ನೀರಿನ ಅಬ್ಬರಕ್ಕೆ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮಯೂರಿ ಓಡಿಹೋಗಿ ಜನರೇಟರು ಎಳೆದು, ಸೌಂಡ್ ಬಾಕ್ಸು ಹಚ್ಚಿ, ಮೈಕು ತಂದು ಕೈಗಿಟ್ಟಳು. ಇಡೀ ದಿನ ಸುಳ್ಳು ಹೊಗಳಿಕೆ ಕಾರಿದ ಮೈಕಿಗೆ ಕೊನೆಗೂ ಒಂದು ಒಳ್ಳೆಯ ಕೆಲಸ ಸಿಕ್ಕಿತು.

"ಲೇ ಮಬ್ಬ!" ಎಂದು ಭಾಗ್ಯಾ ಅಜ್ಜಿಯ ದನಿಯಲ್ಲೇ ಶುರುಮಾಡಿದಳು. "ಹುಚ್ಚಪ್ಯಾಲಿ! ಅಷ್ಟ ದೂರದಿಂದ ಬಂದು ಅಕಲಿ ಎಲ್ಲಿ ಬಿಟ್ಟ ಬಂದಿ? ನಾಕ ಮಂದಿ ಸತ್ತಿ ಅಂದ್ರ ಸಾಯತಿಯೇನ, ನಾಚಿಕಿ ಬರಂಗಿಲ್ಲ? ಕತ್ತಿ ಸೈತ ಒದ್ದ ಹೇಳತೈತಿ, ನಾ ಜೀವಂತ ಅದೇನಿ ಅಂತ!"

"ಕೂಳಿಗಿ ದಂಡ, ಭೂಮಿಗಿ ಭಾರ!" ಎಂದು ಮಯೂರಿ ಸೇರಿಸಿದಳು.

"ನಾ ಕೂಳ ಉಣ್ಣಂಗಿಲ್ರಿ," ಎಂದಿತು ಗುಂಡ್ಯಾ, ಸ್ವಲ್ಪ ಸಿಟ್ಟಿನಿಂದ.

"ಎದುರ ಮಾತಾಡತಿಯೇನಲೇ ಮಂಗ್ಯಾ! ಸತ್ತವರು ಎದುರ ಮಾತಾಡತಾರ?"

ಗುಂಡ್ಯಾ ಯೋಚಿಸಿತು. ಅದರ ಒಂದು ಕಾಲಿನ ತುದಿ ಹಸಿರಾಯಿತು. ಹುಡುಗಿಯರು ಬಿಡಲಿಲ್ಲ, ಗಂಟಲು ಹರಿಯುವವರೆಗೆ, ಕಣ್ಣಲ್ಲಿ ನೀರು ಸುರಿಸುತ್ತ ಬೈದರು. ಫಾಲ್ಸಿನ ಪಕ್ಕದ ಹತ್ತಿ ಮಿಲ್ಲಿನ ವಸತಿಯಲ್ಲಿದ್ದ ಜನ ಮನೆಯಿಂದ ಹೊರಬಂದು ಕಿವಿಗೊಟ್ಟರು. ಬೈಗುಳಕ್ಕೊಂದಿಷ್ಟು ಬೆಳಕು ಹೆಚ್ಚುತ್ತ ಹೆಚ್ಚುತ್ತ, ಸೂರ್ಯನ ಕೊನೆಯ ಎಳೆ ಬಂಡೆ ಬಿಡುವ ಹೊತ್ತಿಗೆ ಗುಂಡ್ಯಾ ಉರಿದೆದ್ದು ನಿಂತಿತು. ತುಂತುರಿನ ಒಳಗಿನಿಂದ ಅಂಥದೇ ಹಸಿರು ಬೆಳಕೊಂದು ಉತ್ತರ ಕೊಟ್ಟು ಬಂಡೆಯವರೆಗೂ ಚಾಚಿಕೊಂಡಿತು.

"ಹೋಗಿ ಬರ್ತೇನ್ರಿ," ಎಂದಿತು ಗುಂಡ್ಯಾ. "ನಿಮ್ಮಷ್ಟ ಚಂದ ಯಾರೂ ಬೈದಿದ್ದಿಲ್ಲ."

ಹುಕ್ಕೇರಿಯಲ್ಲಿ ಕುಂಬಳಕಾಯಿಯ ಸನ್ಮಾನ ವಿಜೃಂಭಣೆಯಿಂದ ನಡೆಯಿತು. ಎಷ್ಟು ಗಂಭೀರ ವ್ಯಕ್ತಿತ್ವ, ಒಂದೂ ಹೆಚ್ಚಿನ ಮಾತಿಲ್ಲ ಎಂದು ಭಾಷಣಕಾರರು ಕೊಂಡಾಡಿದರು. ಮಾರನೆಯ ದಿನ ಶಾಲು ಬಿಚ್ಚಿದಾಗ ಗುಟ್ಟು ರಟ್ಟಾಯಿತು. ನಾಚಿಕೆ ಎಂಬುದು ಇದ್ದವರಾದರೆ ಮನೆ ಹಿಡಿದು ಕೂರುತ್ತಿದ್ದರು. ರಾಚಪ್ಪ ಹೊಸ ಶಾಲು ಹಿಡಿದು, ಫೋಟೋದವನನ್ನು ಕರೆದುಕೊಂಡು ಅಣ್ಣನ ಮನೆಗೇ ಬಂದ. ಮಯೂರಿಯೂ ಅಲ್ಲೇ ಇದ್ದಳು.

"ಅತಿಥಿನ್ನ ಸುರಕ್ಷಿತ ಕಳಿಸಿಕೊಟ್ಟ ಧೀರ ಹುಡುಗ್ಯಾರಿಗೆ ಸಮಿತಿಯಿಂದ ಸನ್ಮಾನ," ಎಂದು ಶಾಲು ಬಿಡಿಸಿದ. "ಬರ್ರಿ, ಕುರ್ಚಿ ಮ್ಯಾಲ ಕುಂದರ್ರಿ."

ಭಾಗ್ಯಾ ಹಿಂದೆ ಸರಿದಳು. "ಬ್ಯಾಡ್ರಿ ಕಾಕಾ. ನಾವಿನ್ನೂ ಜೀವಂತ ಅದೇವಿ."

ರಾಚಪ್ಪನ ಮುಖ ಕೆಂಪೇರಿತು. "ಎಲಾ ಉದ್ಧಟ ಹುಡುಗಿ! ಹಿರ್ಯಾರು ಕಿರ್ಯಾರು ಅನ್ನೂದ ಗೊತ್ತಿಲ್ಲ, ಗೇಣುದ್ದ ನಾಲಿಗಿ ಬೆಳಸೀದಿ! ಥೇಟ ನಿಮ್ಮ ಆಯಿನ ಆಗೀದಿ ನೋಡು!" ಎಂದು ಶುರುಮಾಡಿದವನು ನಿಲ್ಲಿಸುವ ಲಕ್ಷಣವೇ ಕಾಣಲಿಲ್ಲ. ಭಾಗ್ಯಾ ಮಯೂರಿಯ ಕೈ ಹಿಡಿದು ಕಟ್ಟೆಯ ಮೇಲೆ ಕುಳಿತಳು, ಬಿಸಿಲಿಗೆ ಮುಖ ಕೊಟ್ಟಳು, ಒಂದು ಮಾತೂ ಬಿಡದೆ ಕೇಳಿಸಿಕೊಂಡಳು.